ಐದು ಮೀಟರ್ ತಂತಿಯಲ್ಲಿ ಭೂಮಿಯ ತಿರುಗಾಟ ಹಿಡಿದದ್ದು: ನನ್ನ ಅನುಭವ

15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, 5 ಮೀಟರ್ ತಂತಿಯಲ್ಲಿ ಫೂಕೋ ಲೋಲಕ, ಅಂದರೆ ತೂಗಾಟದ ದಿಕ್ಕು ನಿಧಾನ ಸರಿಯುತ್ತ ಭೂಮಿಯ ತಿರುಗಾಟ ತೋರಿಸುವ ತೂಗುಗುಂಡು, ನಡೆಯದು ಎಂದವರೇ ಹೆಚ್ಚು. ಅವರ ಲೆಕ್ಕದಲ್ಲೂ ಹುರುಳಿತ್ತು. 1851ರಲ್ಲಿ ಪ್ಯಾರಿಸ್‌ನ ಪ್ಯಾಂಥಿಯನ್‌ನಲ್ಲಿ ಫ್ರೆಂಚ್ ವಿಜ್ಞಾನಿ ಫೂಕೋ ಬಳಸಿದ ತಂತಿ 67 ಮೀಟರ್, ಗುಂಡು 28 ಕಿಲೋ. ಅಲ್ಲಿ ತೂಗಾಟದ ದಿಕ್ಕು ಗಂಟೆಗೆ 11 ಡಿಗ್ರಿಗೂ ಮೇಲೆ ಸರಿಯುತ್ತದೆ. 15ರ ಅಕ್ಷಾಂಶದಲ್ಲಿ ಬರೀ 3.9. ನನ್ನ ಲೋಲಕ ಈಗ ಯಾವ ದಿಕ್ಕಿಗೆ ಬಿಟ್ಟರೂ ಗಂಟೆಗೆ 3.7ರಿಂದ 4.1ರೊಳಗೇ ಸರಿಯುತ್ತದೆ, ಅದೂ ಗಡಿಯಾರದ ಮುಳ್ಳಿನ ದಿಕ್ಕಿಗೇ.

ಕೆಡಿಸುವುದು ಅಂಡಾಕಾರದ ತೂಗಾಟ. ಗುಂಡು ಎರಡೂ ಕಡೆ 25 ಸೆಂ.ಮೀ. ತೂಗುವಾಗ ನಡುವಿನಿಂದ ಬರೀ 1 ಮಿ.ಮೀ. ಪಕ್ಕಕ್ಕೆ ಹಾದರೂ ಗಂಟೆಗೆ ಸುಮಾರು 1 ಡಿಗ್ರಿ ಸುಳ್ಳು ಸರಿತ ಸೇರುತ್ತದೆ. ಮೂರು-ನಾಲ್ಕು ಮಿ.ಮೀ. ಆಯಿತೆಂದರೆ ಭೂಮಿಯ ಪಾಲಿನಷ್ಟೇ ಸುಳ್ಳು. ಉದ್ದ ತಂತಿಯಲ್ಲಿ ಈ ಕಾಟ ತೀರಾ ಕಡಿಮೆ. ಗಿಡ್ಡ ಲೋಲಕಗಳು ಸೋಲುವುದು ಇಲ್ಲೇ.

ಮೊದಲ ಕಾರಣ ಮೇಲಿನ ಆಧಾರ. ತೊಲೆಗೆ ಕಟ್ಟಿದರೆ ಉದ್ದಕ್ಕೆ ಬಿಗಿ, ಅಡ್ಡಕ್ಕೆ ಸಡಿಲ. ನೇರ ತೂಗಾಟ ಅರ್ಧ ಗಂಟೆಯಲ್ಲಿ ಮೊಟ್ಟೆಯಾಗುತ್ತದೆ. ದಪ್ಪ ಉಕ್ಕಿನ ತಟ್ಟೆಯನ್ನು ಕಾಂಕ್ರೀಟ್ ಚಾವಣಿಗೇ ಬೋಲ್ಟ್ ಮಾಡಿ. ತಂತಿಯನ್ನು ಕೊಕ್ಕೆಗೆ ಗಂಟು ಹಾಕಬೇಡಿ, ಗಂಟಿಗೊಂದು ಇಷ್ಟದ ದಿಕ್ಕು ಇರುತ್ತದೆ. ಸಣ್ಣ ಮೂರು ದವಡೆಯ ಡ್ರಿಲ್ ಚಕ್ (ಡ್ರಿಲ್‌ನ ಮೊನೆ ಹಿಡಿಯುವ ಭಾಗ) ಹಿಡಿದಷ್ಟು ಸಮನಾಗಿ ಬೇರೇನೂ ಹಿಡಿಯದು. ತಂತಿ 0.5 ಮಿ.ಮೀ. ಪಿಯಾನೋ ತಂತಿ, ಒಮ್ಮೆ ಮಡಿಚಿದರೆ ಎಸೆಯಿರಿ, ಅದು ಅಗ್ಗ.

ದುಡ್ಡು ನುಂಗುವುದು ಗುಂಡು. ಉಕ್ಕಿನ ಗುಂಡು, ತೂಗಾಟ ನಿಲ್ಲದಂತೆ ಕೆಳಗಿಟ್ಟ ವಿದ್ಯುತ್ಕಾಂತದ ಜೊತೆ ಎಳೆದಾಡಿ ದಾರಿ ಓರೆ ಮಾಡುತ್ತದೆ. ಹಿತ್ತಾಳೆಯೇ ಸರಿ: ಅಡ್ಡಳತೆ 10 ಸೆಂ.ಮೀ., ಎತ್ತರ 12, ತೂಕ 8 ಕಿಲೋ ಹತ್ತಿರ. ಒಟ್ಟು ಖರ್ಚಿನ ಮುಕ್ಕಾಲು ಪಾಲು ಈ ಹಿತ್ತಾಳೆ ಮತ್ತು ಲೇತ್ ಕೂಲಿಗೆ ಹೋಯಿತು. ತಂತಿಯ ತೂತು ನಟ್ಟನಡುವೆ ಬರಲೇಬೇಕು, ಅಲ್ಲಿ ಚೌಕಾಸಿ ಬೇಡ.

ಗೆಲ್ಲಿಸಿದ್ದು ಶಾರೋನ್ ಉಂಗುರ, ಅಂದರೆ ತಂತಿಯ ಸುತ್ತ ಅಲುಗದಂತೆ ಕೂರಿಸುವ ಉಂಗುರ. ಚಕ್‌ನಿಂದ 10 ಸೆಂ.ಮೀ. ಕೆಳಗೆ, ಒಳ ಅಡ್ಡಳತೆ 9.5 ಮಿ.ಮೀ. ಆಸುಪಾಸು. ತೂಗಾಟದ ತುದಿಯಲ್ಲಿ ತಂತಿ ಅದಕ್ಕೆ ಸವರಿ ನಿಲ್ಲುತ್ತದೆ, ಪಕ್ಕದ ಚಲನೆ ಘರ್ಷಣೆಯಲ್ಲಿ ಸಾಯುತ್ತದೆ. ಉಂಗುರ ಕೂದಲೆಳೆಯಷ್ಟು ಓರೆಯಾದರೂ ಹೊಸ ಮೊಟ್ಟೆ ಹುಟ್ಟುತ್ತದೆ. ಅದನ್ನು ನಡುವಿಗೆ ತರಲು ನಾನು ಕಂಡುಕೊಂಡ ಉಪಾಯ ಮತ್ತು ವಿದ್ಯುತ್ಕಾಂತದ ಕಾಯಿಲ್‌ಗೆ ಮಿಡಿತ ಕೊಡುವ ಕ್ಷಣ, ಇವೆರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬಿಡುವುದು ಕೈಯಿಂದಲ್ಲ. ಹತ್ತಿದಾರದಲ್ಲಿ ಎಳೆದು ಕಟ್ಟಿ, ನಡುಕ ಪೂರ್ತಿ ಅಡಗಿದ ಮೇಲೆ ದಾರ ಸುಡಿ. ಕಿಟಕಿ, ಫ್ಯಾನ್ ಬಂದ್. ಗಂಟೆಯಾದಾಗ ತೂಗಾಟದ ತುದಿ 17 ಮಿ.ಮೀ. ಸರಿದಿರಬೇಕು. ಒಂದೇ ದಿಕ್ಕಿನ ಅಳತೆ ನಂಬಬೇಡಿ. 45 ಡಿಗ್ರಿ ಅಂತರದ ನಾಲ್ಕು ದಿಕ್ಕಿಗೂ ಬಿಟ್ಟು ನೋಡಿ. ಒಂದರಲ್ಲಿ ಗಂಟೆಗೆ 6 ಡಿಗ್ರಿ, ಇನ್ನೊಂದರಲ್ಲಿ 2 ಬಂದರೆ ದೋಷ ಆಧಾರದ್ದೇ.

ಇದರ ನಡುವೆ ಭೂಮಿಯ ತಿರುಗಾಟ ಹಿಡಿಯಲು ಖರ್ಚಿಲ್ಲದ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಕೊಳವೆಯೊಂದನ್ನು ಅಲುಗದಂತೆ ಕೂರಿಸಿ, ಅದರ ಮೂಲಕ ನೋಡುತ್ತ, ಒಂದು ನಕ್ಷತ್ರ ಗೋಡೆಯಂಚಿನಲ್ಲಿ ಮರೆಯಾಗುವ ಸಮಯ ಬರೆದಿಡಿ. ದಿನಕ್ಕೆ 3 ನಿಮಿಷ 56 ಸೆಕೆಂಡ್ ಬೇಗ ಮರೆಯಾಗುತ್ತದೆ. ಭೂಮಿಯ ನಿಜವಾದ ಒಂದು ಸುತ್ತು 23 ಗಂಟೆ 56 ನಿಮಿಷ 4 ಸೆಕೆಂಡ್. ಅಷ್ಟರಲ್ಲಿ ಅದು ಸೂರ್ಯನ ಸುತ್ತ ಸುಮಾರು ಒಂದು ಡಿಗ್ರಿ ಮುಂದೆ ಹೋಗಿರುವುದರಿಂದ, ಮತ್ತೆ ನಡುಹಗಲಾಗಲು ಉಳಿದ ನಾಲ್ಕು ನಿಮಿಷ ಬೇಕು. ಮೋಡವಿದ್ದರೆ ವಾರ ಬಿಟ್ಟು ನೋಡಿ, ಇಪ್ಪತ್ತೇಳೂವರೆ ನಿಮಿಷದ ವ್ಯತ್ಯಾಸ ಸಿಗುತ್ತದೆ.