ಅಂಚೆಪೆಟ್ಟಿಗೆಯ ಬೀಗದಕೈ: ಇಬ್ಸೆನ್ ನಾಟಕ ಆಡಿಸಿದ ನನ್ನ ಅನುಭವ

ನಾರ್ವೆಯ ನಾಟಕಕಾರ ಹೆನ್ರಿಕ್ ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ನಾಟಕವನ್ನು ನಮ್ಮ ಹವ್ಯಾಸಿ ತಂಡಕ್ಕೆ ಆಡಿಸಲು ಹೊರಟಾಗ ಹಿರಿಯ ರಂಗಕರ್ಮಿಗಳೆಲ್ಲ ಒಂದೇ ಸಲಹೆ ಕೊಟ್ಟರು: ಕ್ರಿಸ್‌ಮಸ್ ಮರವೂ ನಾರ್ವೆಯ ಚಳಿಯೂ ನಮ್ಮ ಪ್ರೇಕ್ಷಕರಿಗೆ ಒಗ್ಗುವುದಿಲ್ಲ, ಕಥೆಯನ್ನು ಇಂದಿನ ಧಾರವಾಡದ ಮನೆಯೊಂದಕ್ಕೆ ತಂದುಬಿಡಿ. ನಾನು ಒಪ್ಪಲಿಲ್ಲ. ಈ ನಾಟಕ ಪ್ರಕಟವಾದ 1879ರಲ್ಲಿ ಅಲ್ಲಿನ ಹೆಂಡತಿ ಗಂಡನ ಒಪ್ಪಿಗೆಯಿಲ್ಲದೆ ಸಾಲ ಪಡೆಯುವಂತಿರಲಿಲ್ಲ; ವಿವಾಹಿತ ಸ್ತ್ರೀಯನ್ನು ಕಾನೂನು ಪ್ರೌಢಳೆಂದು ಒಪ್ಪಿದ್ದೇ 1888ರಲ್ಲಿ. ಗಂಡ ಹೆಲ್ಮರ್‌ನ ಪ್ರಾಣ ಉಳಿಸಲು ನಾಯಕಿ ನೋರಾ ಸಾಲಪತ್ರಕ್ಕೆ ತಂದೆಯ ಸಹಿಯನ್ನು ತಾನೇ ಹಾಕುವುದು ಈ ಕಟ್ಟುಪಾಡಿನಿಂದಾಗಿ. ಅದನ್ನು ತೆಗೆದರೆ ನಾಟಕದ ಗಂಟೇ ಬಿಚ್ಚಿಹೋಗುತ್ತದೆ.

ಹೆಚ್ಚುಕಡಿಮೆ ಒಂದು ತಿಂಗಳು ನಟರಿಗೆ ಸಂಭಾಷಣೆ ಕೊಡಲೇ ಇಲ್ಲ. ರಂಗಪರಿಕರಗಳನ್ನಷ್ಟೇ ಮುಂದಿಟ್ಟು, ಯಾವ ವಸ್ತುವಿನ ಮೇಲೆ ಯಾರಿಗೆ ಅಧಿಕಾರವೆಂಬುದನ್ನು ನಿಗದಿ ಮಾಡಿ ತಾಲೀಮು ನಡೆಸಿದೆ. ಹಣ ಹೆಲ್ಮರ್‌ನ ಕೈಯಿಂದಲೇ ಬರಬೇಕು. ಮನೆಯ ಬೀಗದಕೈಗಳು ನೋರಾಳ ವಶದಲ್ಲಿದ್ದರೂ ಅಂಚೆಪೆಟ್ಟಿಗೆಯದು ಮಾತ್ರ ಅವನಲ್ಲಿ. ಗಂಡನ ಕಣ್ಣುತಪ್ಪಿಸಿ ತಿನ್ನುವ ಮ್ಯಾಕರೂನ್ ಸಿಹಿಯಷ್ಟೇ ಅವಳದು. ಇದು ಮೈಗೂಡಿದ ಮೇಲೆ ಹೆಲ್ಮರ್ ಹೆಂಡತಿಯನ್ನು ಕರೆಯುವ ‘ನನ್ನ ಅಳಿಲೇ’ ಎಂಬ ಮುದ್ದುಮಾತನ್ನು ಹೇಗೆ ಆಡಬೇಕೆಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಮೊದಲ ಪ್ರಯೋಗದಲ್ಲಿ ಅಂಚೆಪೆಟ್ಟಿಗೆ ಹಿಂಬದಿಯ ಗೋಡೆಯಲ್ಲಿದ್ದು, ನಾಲ್ಕನೆಯ ಸಾಲಿನಾಚೆಗೆ ಕಾಣಲೇ ಇಲ್ಲ; ಸಾಲ ಕೊಟ್ಟ ಕ್ರೋಗ್‌ಸ್ಟಾಡ್ ಸಹಿಯ ಗುಟ್ಟು ಬಯಲುಮಾಡಿ ಬರೆದ ಪತ್ರ ಅದರಲ್ಲಿ ಬಿದ್ದದ್ದು ತಿಳಿಯದವರಿಗೆ, ಗಂಡ ಪೆಟ್ಟಿಗೆ ತೆರೆಯದಂತೆ ತಡೆಯಲು ನೋರಾ ಕುಣಿಯುವ ಟಾರಂಟೆಲ್ಲಾ ಎಂಬ ಇಟಲಿಯ ಬಿರುಸಿನ ನೃತ್ಯ ಬರಿಯ ಮನರಂಜನೆಯಾಯಿತು. ಗಾಜಿನ ಮುಖದ ಪೆಟ್ಟಿಗೆಯನ್ನು ರಂಗದ ಎಡತುದಿಗೆ ತಂದು ಸಣ್ಣ ದೀಪ ಕೊಟ್ಟ ಮೇಲೆ ಮೂರನೆಯ ಅಂಕವೇ ಬದಲಾಯಿತು. ಹೆಲ್ಮರ್ ಬೀಗದಲ್ಲಿ ಸಿಕ್ಕಿಕೊಂಡಿದ್ದ ಮುರಿದ ಹೇರ್‌ಪಿನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದು ನಿನ್ನದಲ್ಲವೇ ಎಂದಾಗ, ನೋರಾ ಮಕ್ಕಳ ಮೇಲೆ ಹೊರಿಸುತ್ತಾಳೆ. ಆ ಕ್ಷಣದಲ್ಲಿ ಪ್ರೇಕ್ಷಕರ ನಡುವಿನಿಂದ ಹೆಂಗಸರ ‘ಅಯ್ಯೋ’ ಕೇಳಿಬಂತು. ಒಗ್ಗುವುದಿಲ್ಲ ಎಂದಿದ್ದ ಹಿರಿಯರೊಬ್ಬರು ಅಂದು ನನ್ನ ಪಕ್ಕದಲ್ಲೇ ಇದ್ದರು.

ನಡುವೆ ಒಮ್ಮೆ, ಕುತೂಹಲಕ್ಕಾಗಿ, 1880ರಲ್ಲಿ ನೋರಾ ಗಂಡನನ್ನೂ ಮಕ್ಕಳನ್ನೂ ಬಿಟ್ಟುಹೋಗುವ ಮೂಲದ ಕೊನೆಯನ್ನು ಜರ್ಮನಿಯ ನಟಿಯೊಬ್ಬಳು ಆಡಲು ಒಪ್ಪದಿದ್ದಾಗ ಇಬ್ಸೆನ್ ಮನಸ್ಸಿಲ್ಲದೆ ಬರೆದುಕೊಟ್ಟ ಬದಲಿ ಅಂತ್ಯವನ್ನೂ ಆಡಿಸಿ ನೋಡಿದೆ. ಮಲಗಿದ ಮಕ್ಕಳನ್ನು ಹೆಲ್ಮರ್ ತೋರಿಸಿದೊಡನೆ ನೋರಾ ಕುಸಿದು ಉಳಿದುಬಿಡುತ್ತಾಳೆ. ಅಷ್ಟು ಹೊತ್ತು ಕಟ್ಟಿದ್ದ ಮಾತುಕತೆಯೆಲ್ಲ ಅಲ್ಲಿಗೆ ವ್ಯರ್ಥವಾಯಿತು; ನಮ್ಮ ನಟಿ ಅದನ್ನು ಮತ್ತೆ ಆಡುವುದಿಲ್ಲವೆಂದು ಖಂಡಿತವಾಗಿ ಹೇಳಿದರು. ಆದರೆ ಆ ಸಂಜೆಯ ನಂತರವೇ, ಉಂಗುರ ಹಿಂದಿರುಗಿಸುವ ಅವರ ಕೈಯ ನಡುಕ ನಿಂತಿತು.

ಖರ್ಚು ಎಪ್ಪತ್ತು ಸಾವಿರದ ಆಸುಪಾಸು, ಅದರಲ್ಲಿ ಹದಿನೈದು ಸಾವಿರದಷ್ಟು ಕೊನೆಯ ಬಾಗಿಲಿಗೇ ಹೋಯಿತು. ನೋರಾ ಕೋಣೆಯ ಬಾಗಿಲನ್ನು ಧಡಾರನೆ ಹಾಕುವಂತೆ ಅನೇಕರು ಆಡಿಸುತ್ತಾರೆ. ಇಬ್ಸೆನ್ ಕೇಳಿರುವುದು ಕೆಳಗಿನಿಂದ ಬರುವ, ಹೆಬ್ಬಾಗಿಲು ಮುಚ್ಚಿದ ಸದ್ದು. ಪ್ಲೈವುಡ್ಡೂ ಧ್ವನಿಮುದ್ರಿಕೆಯೂ ಸೋತ ಮೇಲೆ, ಕೆಡವಿದ ಹಳೆಯ ಮನೆಯ ತೇಗದ ಬಾಗಿಲನ್ನು ಚೌಕಟ್ಟಿನ ಸಮೇತ ಕೊಂಡೆ. ಅದನ್ನು ಎಲ್ಲಿ ನಿಲ್ಲಿಸಿದ್ದೇವೆ, ಯಾರು ಮುಚ್ಚುತ್ತಾರೆ ಎಂಬುದನ್ನು ಮುಂದಿನ ಪ್ರಯೋಗಗಳು ಮುಗಿಯುವವರೆಗೆ ಹೇಳಲಾರೆ.