ಶಾಂತಿ ನಡಿಗೆಗೆ ಮೊದಲ ಬಾರಿ ಹೊರಟವರಿಗೆ

ಯುದ್ಧದ ವಿರುದ್ಧವೋ ಕೋಮುದ್ವೇಷದ ವಿರುದ್ಧವೋ ನಡೆಯಲಿರುವ ಶಾಂತಿ ಜಾಥಾದ ಕರಪತ್ರ ಕೈಗೆ ಬಂದಾಗ, ಹೋಗಬೇಕೆಂಬ ಮನಸ್ಸಿದ್ದರೂ ಅಲ್ಲಿ ಪರಿಚಯದವರು ಯಾರೂ ಇಲ್ಲವೆಂಬ ಒಂದೇ ಕಾರಣಕ್ಕೆ ಮನೆಯಲ್ಲೇ ಉಳಿದುಬಿಡುವವರು ಬಹಳ ಮಂದಿ. ಈ ಬರಹ ಮುಖ್ಯವಾಗಿ ಅವರಿಗಾಗಿ. ಹೆಜ್ಜೆ ಹಾಕುವುದು ಒಂದೆರಡು ಗಂಟೆಗಳ ಕೆಲಸ. ಜೊತೆಗೆ ನಡೆದವರ ಒಡನಾಟವನ್ನು ಉಳಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ ಎಂದು ನಾನು ದೃಢವಾಗಿ ನಂಬಿದ್ದೇನೆ. ಸಿದ್ಧತೆಯನ್ನೂ ಅದಕ್ಕೆ ತಕ್ಕಂತೆಯೇ ಮಾಡಿಕೊಳ್ಳಬೇಕು.

ಮೊದಲು ಕರೆ ಕೊಟ್ಟವರು ಯಾರೆಂದು ತಿಳಿದುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಪೋಸ್ಟರ್‌ನಲ್ಲಿ ಸಂಘಟನೆಯ ಹೆಸರು, ಸ್ಥಳ, ಸಮಯ ಮತ್ತು ಸಂಪರ್ಕಿಸಬಹುದಾದ ಒಬ್ಬರ ಹೆಸರು ಇಲ್ಲದಿದ್ದರೆ, ಅದನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ ವಿಚಾರಿಸುವುದು ಒಳ್ಳೆಯದು. ಶಾಂತಿಯುತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ನಮಗೆ ಕೊಟ್ಟಿದೆ. ಅದೇ ವಿಧಿ ಸೂಕ್ತ ನಿರ್ಬಂಧಗಳಿಗೂ ಅವಕಾಶ ಮಾಡಿಕೊಟ್ಟಿದೆ. ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, 2021ರ ಆದೇಶದಂತೆ ಪ್ರತಿಭಟನೆಗಳಿಗೆ ಗೊತ್ತುಪಡಿಸಿರುವ ಸ್ಥಳ ಫ್ರೀಡಂ ಪಾರ್ಕ್. ಆದ್ದರಿಂದ ನಗರದ ಬೇರೆ ರಸ್ತೆಯಲ್ಲಿ ಮೆರವಣಿಗೆಯಿದೆ ಎಂದು ಯಾರಾದರೂ ಹೇಳಿದರೆ, ಪೊಲೀಸ್ ಅನುಮತಿ ಸಿಕ್ಕಿದೆಯೇ ಎಂದು ಸಂಘಟಕರನ್ನು ನೇರವಾಗಿ ಕೇಳಿ. ಹಾಗೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಿಂದಿನ ದಿನ ನಿಷೇಧಾಜ್ಞೆ ಜಾರಿಯಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆ ಕಾನೂನುಬಾಹಿರವೆಂದು ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ಹೇಳಿತು ನಿಜ, ಆದರೆ ಆ ಮಾತು ಬಂದದ್ದು ಜನರನ್ನು ವಶಕ್ಕೆ ಪಡೆದು ಎರಡು ತಿಂಗಳು ಸಮೀಪಿಸಿದ ಮೇಲೆ ಎಂಬುದು ನೆನಪಿನಲ್ಲಿರಲಿ.

ಒಂಟಿಯಾಗಿ ಹೋಗಬೇಡಿ ಎಂದು ಹೇಳುವುದು ಸುಲಭ, ಜೊತೆಗಾರರನ್ನು ಹುಡುಕುವುದು ಕಷ್ಟ. ಸಂಘಟಕರಿಗೆ ಫೋನ್ ಮಾಡಿ, "ನಾನು ತುಮಕೂರಿನಿಂದ ಬರುತ್ತಿದ್ದೇನೆ, ಆ ಕಡೆಯಿಂದ ಇನ್ಯಾರಾದರೂ ಬರುವವರಿದ್ದಾರೆಯೇ?" ಎಂದು ಕೇಳಿದರೆ ಸಾಕು, ಸಾಮಾನ್ಯವಾಗಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಮಹಿಳೆಯರು ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಬರಬಹುದಾದ್ದರಿಂದ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇಟ್ಟುಕೊಳ್ಳಲಿ; ಅದು ಬೇರೆ ಸಂದರ್ಭದಲ್ಲೂ ಬೇಕಾದೀತು. ಮೆಜೆಸ್ಟಿಕ್‌ನಲ್ಲಿ ಇಳಿದವರು ಫ್ರೀಡಂ ಪಾರ್ಕಿಗೆ ನಡೆದೇ ಹೋಗಬಹುದು, ಮೆಟ್ರೊದಲ್ಲಿ ಬರುವವರಿಗೆ ಸೆಂಟ್ರಲ್ ಕಾಲೇಜು ನಿಲ್ದಾಣವೂ ಹತ್ತಿರವೇ. ತುರ್ತು ಪರಿಸ್ಥಿತಿಯ ಕಾಲದಲ್ಲಿ ವಾಜಪೇಯಿ, ಅಡ್ವಾಣಿ ಮೊದಲಾದವರನ್ನು ಬಂಧಿಸಿಟ್ಟಿದ್ದ ಹಳೆಯ ಸೆಂಟ್ರಲ್ ಜೈಲೇ ಇಂದಿನ ಈ ಪಾರ್ಕ್. ಮೊದಲ ಸಲ ಹೋಗುವವರು ಅರ್ಧ ಗಂಟೆ ಮುಂಚೆ ತಲುಪಿ, ಒಳಗೆ ಉಳಿಸಿಕೊಂಡಿರುವ ಜೈಲಿನ ಭಾಗಗಳನ್ನು ನೋಡಿ ಬರಲಿ ಎಂಬುದು ನನ್ನ ಆಸೆ. ಜನಜಂಗುಳಿಯಲ್ಲಿ ಫೋನ್ ಸಿಗದೆ ಹೋಗಬಹುದು. ಆದ್ದರಿಂದ ಬೇರೆಬೇರೆಯಾದರೆ ಎಲ್ಲಿ ಸೇರಬೇಕೆಂದು ಮೊದಲೇ ಮಾತಾಡಿಕೊಳ್ಳಿ. "ಗೇಟಿನ ಹತ್ತಿರ" ಎಂದರೆ ಸಾಲದು, ಯಾವ ಗೇಟು, ಅದರ ಎದುರಿನ ಯಾವ ಅಂಗಡಿ ಎಂಬಷ್ಟು ಖಚಿತವಾಗಿರಬೇಕು.

ನೀರಿನ ಬಾಟಲಿ, ಟೋಪಿ, ನಿತ್ಯ ಸೇವಿಸುವ ಮಾತ್ರೆ, ಸ್ವಲ್ಪ ಚಿಲ್ಲರೆ ಹಣ, ಕಾಲಿಗೆ ಒಗ್ಗಿದ ಚಪ್ಪಲಿ ಇಷ್ಟಿದ್ದರೆ ಆಯಿತು. ಫಲಕದ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. ದಪ್ಪ ಡ್ರಾಯಿಂಗ್ ಶೀಟಿನಲ್ಲಿ ನಾಲ್ಕೈದು ಪದಗಳನ್ನು ಮೀರದಂತೆ, ರಸ್ತೆಯ ಆಚೆ ಬದಿಯ ಬಸ್ಸಿನಲ್ಲಿ ಕೂತವರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಡದೆ ಸಾಲುಗಳನ್ನು ಒತ್ತೊತ್ತಾಗಿ ಬರೆದರೆ "ಯುದ್ಧ" ಎಂಬ ಪದದ ಧ ಒತ್ತು ಕೆಳಗಿನ ಸಾಲಿನೊಳಗೆ ಸೇರಿಹೋಗುತ್ತದೆ, ಆದ್ದರಿಂದ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೇ ಮಾರ್ಕರ್ ಹಿಡಿಯಿರಿ. ಕೋಲು ಕಟ್ಟಬೇಡಿ. ಬಂದೋಬಸ್ತಿನ ಪೊಲೀಸರು ಅದಕ್ಕೆ ಆಕ್ಷೇಪಿಸಬಹುದು, ಎದೆಯ ಮುಂದೆ ಎರಡು ಕೈಯಲ್ಲಿ ಹಿಡಿದ ಹಾಳೆಯೇ ಚೆನ್ನಾಗಿ ಕಾಣುತ್ತದೆ. ಯಾವುದೇ ಧರ್ಮವನ್ನು, ದೇಶದ ಜನರನ್ನು ಹೀಯಾಳಿಸುವ ಮಾತು ಶಾಂತಿ ನಡಿಗೆಯ ಫಲಕದಲ್ಲಿ ಇರಲೇಬಾರದು.

ನಡೆಯುವಾಗ ಸ್ವಯಂಸೇವಕರ ಮಾತನ್ನು ಕೇಳಿ, ಸಾಲು ಬಿಡಬೇಡಿ, ಆಂಬುಲೆನ್ಸ್ ಬಂದರೆ ಹೇಳುವವರೆಗೆ ಕಾಯದೆ ದಾರಿ ಮಾಡಿಕೊಡಿ. ಗೌರಿ ಲಂಕೇಶ್ ಹತ್ಯೆಯನ್ನು ಖಂಡಿಸಿ 2017ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ರೈಲು ನಿಲ್ದಾಣದಿಂದ ಸೆಂಟ್ರಲ್ ಕಾಲೇಜು ಮೈದಾನದವರೆಗೆ ನಡೆದ ಮೆರವಣಿಗೆಯಲ್ಲಿ ಬೇರೆ ಬೇರೆ ಸಂಘಟನೆಗಳ, ಬೇರೆ ಬೇರೆ ವಿಚಾರಗಳ ಜನ "ನಾನು ಗೌರಿ" ಎಂಬ ಒಂದೇ ಮಾತಿನಡಿ ಸೇರಿದ್ದರು. ಎಲ್ಲರೂ ಒಪ್ಪುವ ಘೋಷಣೆಯನ್ನೇ ಕೂಗುವ ಸಂಯಮಕ್ಕೆ ಇಂಥ ಬಲವಿದೆ. ರಸ್ತೆ ಬದಿಯಿಂದ ಯಾರಾದರೂ ಕೆಣಕಿದರೆ ಉತ್ತರ ಕೊಡಬೇಡಿ, ನಿಲ್ಲಲೂ ಬೇಡಿ; ಪಕ್ಕದವರು ಸಿಟ್ಟಿಗೆದ್ದರೆ ಅವರ ತೋಳು ಹಿಡಿದು ಜೊತೆಗೆ ಕರೆದುಕೊಂಡು ನಡೆಯಿರಿ.

ಅಪರಿಚಿತರೊಡನೆ ಮಾತು ಶುರುಮಾಡಲು ಜಾಥಾಕ್ಕಿಂತ ಒಳ್ಳೆಯ ಜಾಗ ವಿರಳ. "ಯಾವ ಊರಿಂದ ಬಂದಿರಿ ಅಕ್ಕ?" ಎಂಬಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ. ಬ್ಯಾನರಿನ ಒಂದು ತುದಿ ಹಿಡಿಯಲು, ಕರಪತ್ರ ಹಂಚಲು, ವಯಸ್ಸಾದವರಿಗೆ ಕುರ್ಚಿ ತಂದುಕೊಡಲು ಮುಂದಾದರೆ ಪರಿಚಯ ಇನ್ನೂ ಬೇಗ ಆಗುತ್ತದೆ. ಆದರೆ ಜಾತಿ, ಪಕ್ಷ, ನೌಕರಿಯ ವಿಚಾರವನ್ನು ಅವರಾಗಿ ಹೇಳದೆ ಕೆದಕಬೇಡಿ. ಒಪ್ಪಿಗೆಯಿಲ್ಲದೆ ಯಾರ ಮುಖವೂ ಕಾಣುವ ಫೋಟೊವನ್ನು ಹಂಚಬೇಡಿ: ನಡತೆ ನಿಯಮಗಳಿರುವ ಸರ್ಕಾರಿ ನೌಕರರಿಗೂ, ಮನೆಯಲ್ಲಿ ಹೇಳದೆ ಬಂದ ವಿದ್ಯಾರ್ಥಿನಿಗೂ ನಿಮ್ಮ ಒಂದು ಸ್ಟೇಟಸ್ ತೊಂದರೆ ತರಬಲ್ಲದು. ಕಾರ್ಯಕ್ರಮ ಮುಗಿದ ಕೂಡಲೇ ಹೊರಡದೆ ಕಸ ಹೆಕ್ಕಲು ನಿಂತು, ಅನಂತರ ಒಂದು ಲೋಟ ಚಹಾಕ್ಕೆ ಹತ್ತಿರದ ಹೋಟೆಲಿಗೆ ಹೋಗಿ. ಮುಂದಿನ ಕೆಲಸಗಳು ನಿಶ್ಚಯವಾಗುವುದು ಹೆಚ್ಚಾಗಿ ಅಲ್ಲಿಯೇ.

ಪೊಲೀಸರು ವಶಕ್ಕೆ ಪಡೆದರೆ ಪ್ರತಿರೋಧಿಸದೆ ಕಾರಣ ಕೇಳಿ, ಯಾವ ಠಾಣೆಗೆ ಅಥವಾ ಮೈದಾನಕ್ಕೆ ಕರೆದೊಯ್ಯುತ್ತಿದ್ದಾರೆಂದು ಜೊತೆಯವರಿಗೆ ತಿಳಿಸಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಸಾಧಾರಣ ಸಂದರ್ಭವನ್ನು ಬಿಟ್ಟರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯರನ್ನು ಬಂಧಿಸುವಂತಿಲ್ಲ. ಉಚಿತ ಕಾನೂನು ನೆರವಿನ ಸಹಾಯವಾಣಿ 15100. ಈ ಸಂಖ್ಯೆಯನ್ನೂ, ಪರಿಚಯದ ವಕೀಲರ ಸಂಖ್ಯೆಯನ್ನೂ ಫೋನಿನಲ್ಲಿ ಮಾತ್ರವಲ್ಲದೆ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

ಊರು ತಲುಪಿದ ಮೇಲೆ ಜೊತೆಗೆ ಬಂದವರೆಲ್ಲ ಮನೆ ಸೇರಿದರೇ ಎಂದು ವಿಚಾರಿಸಿ, ವಾರದೊಳಗೆ ಒಮ್ಮೆ ಸೇರಿ. ನಿಮ್ಮ ತಾಲ್ಲೂಕಿನಿಂದ ಐದಾರು ಜನ ಮಾತ್ರ ಇದ್ದರೂ ಅಡ್ಡಿಯಿಲ್ಲ. 1930ರಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಅಂಕೋಲಾ ದೊಡ್ಡ ಪಟ್ಟಣವೇನೂ ಆಗಿರಲಿಲ್ಲ. ಜನವರಿ 30ರ ಹುತಾತ್ಮರ ದಿನವನ್ನು ಗುರಿಯಾಗಿಟ್ಟುಕೊಂಡು ನಿಮ್ಮ ಊರಿನಲ್ಲೇ ಒಂದು ಮೌನ ನಡಿಗೆಯನ್ನು ಯೋಚಿಸಬಹುದು. ಅದಕ್ಕೆ ಹೊರಡುವ ಸ್ಥಳ, ಮಾರ್ಗ, ಸಮಯ, ಅಂದಾಜು ಜನಸಂಖ್ಯೆ ಮತ್ತು ಇಬ್ಬರು ಜವಾಬ್ದಾರರ ಹೆಸರನ್ನು ಬರೆದ ಅರ್ಜಿಯನ್ನು ಸಾಕಷ್ಟು ದಿನ ಮುಂಚಿತವಾಗಿ ಪೊಲೀಸ್ ಠಾಣೆಗೆ ಕೊಟ್ಟು, ಅದರ ಒಂದು ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.