ಚಳಿಯಲ್ಲಿ ಲಾರಿ ಸೆಲ್ಫ್ ಎತ್ತದಿದ್ದರೆ: ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ನಮ್ಮ ಗಾಡಿಗಳು ಭೀಮಸಮುದ್ರದಿಂದ ಅಡಿಕೆ ತುಂಬಿಕೊಂಡು ಕಾನ್ಪುರ, ದೆಹಲಿ ಕಡೆ ಹೋಗುತ್ತವೆ. ಡಿಸೆಂಬರ್, ಜನವರಿ ಬಂತೆಂದರೆ ಬೆಳಗಿನ ಜಾವ ಡ್ರೈವರ್‌ಗಳ ಫೋನ್: "ಅಣ್ಣಾ, ಸೆಲ್ಫ್ ಎತ್ತುತ್ತಾ ಇಲ್ಲ." ಸೆಲ್ಫ್ ಅಂದರೆ ಕೀ ತಿರುಗಿಸಿದಾಗ ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್. ಗ್ವಾಲಿಯರ್ ಕಡೆ ಮಂಜು ಕವಿದರೆ ಗಾಡಿ ರಾತ್ರಿಯೆಲ್ಲ ಢಾಬಾ ಮುಂದೆಯೇ ನಿಲ್ಲುತ್ತದೆ. ಹೊರಗೆ ನಾಲ್ಕೈದು ಡಿಗ್ರಿ ಇರುತ್ತದೆ. ಹಿಂದಿನಿಂದ ಯಾರೂ ಬಂದು ಗುದ್ದಬಾರದು ಅಂತ ಪಾರ್ಕಿಂಗ್ ಲೈಟ್ ಉರಿಯುತ್ತಲೇ ಇರುತ್ತದೆ. ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಅಷ್ಟೇ.

ಹತ್ತಿರದ ಮೆಕ್ಯಾನಿಕ್ ಬಂದು "ಸೆಲ್ಫ್ ಹೋಗಿದೆ, ಬದಲಾಯಿಸಿ" ಅನ್ನುತ್ತಾನೆ. ಒಪ್ಪಿಕೊಳ್ಳುವ ಮೊದಲು ಅರ್ಧ ಗಂಟೆ ಕೊಟ್ಟು ಚೆಕ್ ಮಾಡಿ. ಗಟ್ಟಿಮುಟ್ಟಾದ ಸೆಲ್ಫನ್ನು ಚಳಿ ಒಂದೇ ರಾತ್ರಿಯಲ್ಲಿ ಕೆಡಿಸುವುದಿಲ್ಲ. ಮೊದಲೇ ಸೊರಗಿದ್ದ ಬ್ಯಾಟರಿ, ಕೊಳೆತ ಕೇಬಲ್, ಸಡಿಲವಾದ ಅರ್ತ್ (ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಇವೆಲ್ಲ ಚಳಿಯಲ್ಲಿ ಬಯಲಾಗುತ್ತವೆ. ಸೊನ್ನೆ ಡಿಗ್ರಿ ಹತ್ತಿರ ಬ್ಯಾಟರಿಯ ತಾಕತ್ತು ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ. ಅದೇ ಹೊತ್ತಿಗೆ ಇಂಜಿನ್ ಆಯಿಲ್ ಗಟ್ಟಿಯಾಗಿ, ಇಂಜಿನ್ ತಿರುಗಿಸೋಕೆ ಜಾಸ್ತಿ ಬಲ ಬೇಕಾಗುತ್ತದೆ.

ಮೊದಲು ಸದ್ದು ಕೇಳಿ. ಟಕಟಕಟಕ ಅಂತ ಬಡಿದುಕೊಂಡರೆ ಹೆಚ್ಚಾಗಿ ಬ್ಯಾಟರಿಯದ್ದೇ ತೊಂದರೆ. ಒಂದೇ ಸಲ ಟಕ್ ಅಂದು ನಿಂತರೆ ಕೇಬಲ್, ಸೊಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟು ಬಿಡುವ ಸ್ವಿಚ್) ಅಥವಾ ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು) ಮೇಲೆ ಅನುಮಾನ. ಸೆಲ್ಫ್ ಗುಂಯ್ ಅಂತ ತಿರುಗಿಯೂ ಇಂಜಿನ್ ತಿರುಗದಿದ್ದರೆ ಬೆಂಡಿಕ್ಸ್, ಅಂದರೆ ಸೆಲ್ಫಿನ ಸಣ್ಣ ಗೇರನ್ನು ಇಂಜಿನ್‌ಗೆ ಹಚ್ಚಿ ತಿರುಗಿಸುವ ಭಾಗ, ಜಾರುತ್ತಿದೆ. ಕರಕರ ಅಂತ ಹಲ್ಲು ಕಡಿದರೆ ಮುಂದೆ ಪ್ರಯತ್ನ ಮಾಡಬೇಡಿ, ಇಂಜಿನ್ ಫ್ಲೈವ್ಹೀಲ್ ಸುತ್ತ ಇರುವ ಹಲ್ಲಿನ ಬಳೆ, ರಿಂಗ್ ಗೇರ್, ಹಾಳಾಗುತ್ತದೆ. ಇಂಜಿನ್ ಚೆನ್ನಾಗಿ ತಿರುಗುತ್ತಿದೆ, ಆದರೆ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಅದು ಸೆಲ್ಫ್ ತೊಂದರೆಯೇ ಅಲ್ಲ, ಡೀಸೆಲ್ ಕಡೆ ನೋಡಿ. ನಮ್ಮ ಕಡೆ ತುಂಬಿಸಿದ ಡೀಸೆಲ್ ತೀರಾ ಚಳಿಯ ಜಾಗದಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಬಿಡುತ್ತದೆ. ಲಡಾಖ್‌ಗೆ ಅಂತಲೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯುವ ಡೀಸೆಲ್ ತಂದಿದ್ದು ಇದೇ ಕಾರಣಕ್ಕೆ.

ಈಗ ಬ್ಯಾಟರಿ. ನಮ್ಮ ಲಾರಿಗಳದ್ದು 24 ವೋಲ್ಟ್, ಅಂದರೆ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ ಇರುತ್ತವೆ. ಎರಡನ್ನೂ ಬೇರೆ ಬೇರೆ ಅಳೆಯಿರಿ. ಲೈಟ್ ಎಲ್ಲ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಮೀಟರ್ ಇಟ್ಟರೆ ಒಂದೊಂದರಲ್ಲೂ 12.6 ಬರಬೇಕು. 12.2 ಇದ್ದರೆ ಅರ್ಧ ಖಾಲಿ ಅಂತ ಲೆಕ್ಕ. ಒಂದು 12.6, ಇನ್ನೊಂದು 12.1 ಬಂದರೆ ಕಡಿಮೆ ಇರುವುದೇ ಎರಡನ್ನೂ ಮುಳುಗಿಸುತ್ತದೆ. ಬ್ಯಾಟರಿ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಪ್ರತಿ ಸೆಲ್ ನೋಡಿ. ಒಂದಕ್ಕೂ ಇನ್ನೊಂದಕ್ಕೂ 0.050ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಬ್ಯಾಟರಿಯನ್ನು ನಂಬಬೇಡಿ.

ನಿಜವಾದ ಪರೀಕ್ಷೆ ಸೆಲ್ಫ್ ಹೊಡೆಯುವಾಗಲೇ ಆಗಬೇಕು. ಒಬ್ಬರು ಕೀ ತಿರುಗಿಸಲಿ, ನೀವು ಎರಡೂ ಬ್ಯಾಟರಿ ಸೇರಿಸಿ ಮೀಟರ್ ನೋಡಿ. 19 ವೋಲ್ಟಿಗಿಂತ ಕೆಳಗೆ ಬಿದ್ದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ, ಸೆಲ್ಫ್ ಮಾತು ಆಮೇಲೆ. 23ರ ಮೇಲೇ ನಿಂತು, ಸೆಲ್ಫ್ ಮಾತ್ರ ಮಿಸುಕದಿದ್ದರೆ ಕರೆಂಟು ದಾರಿಯಲ್ಲಿ ಎಲ್ಲೋ ನಿಂತಿದೆ.

ಆ "ಎಲ್ಲೋ" ಅನ್ನುವುದು ಬಹಳ ಸಲ ಅರ್ತ್ ಕೇಬಲ್ಲೇ. ನಾನು ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಜನ ಪಾಸಿಟಿವ್ ಟರ್ಮಿನಲ್ ಉಜ್ಜಿ ಸುಮ್ಮನಾಗುತ್ತಾರೆ. ಇಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ನೋಡುವವರೇ ಇಲ್ಲ. ನಮ್ಮ ಒಂದು ಗಾಡಿಯಲ್ಲಿ ಆ ಕೇಬಲ್ ಹೊರಗಿನಿಂದ ಹೊಸದರಂತೆ ಇತ್ತು, ಬೋಲ್ಟ್ ಕೂಡ ಬಿಗಿಯಾಗಿತ್ತು. ಲಗ್ (ಕೇಬಲ್ ತುದಿಯ ಲೋಹದ ಕಣ್ಣು) ಹತ್ತಿರ ಬೆರಳಲ್ಲಿ ಅದುಮಿದರೆ ಒಳಗೆ ಮೆತ್ತಗೆ. ರಬ್ಬರ್ ಸೀಳಿದಾಗ ಹಸಿರು ಪುಡಿ ಉದುರಿತು. ಒಳಗಿನ ತಾಮ್ರದ ಎಳೆಗಳಲ್ಲಿ ಕಾಲು ಭಾಗ ಉಳಿದಿದ್ದರೆ ಹೆಚ್ಚು. ಹಗಲು ಬಿಸಿ ಇಂಜಿನ್ ತಿರುಗಿಸಲು ಅಷ್ಟೇ ಸಾಕಾಗುತ್ತಿತ್ತು, ಚಳಿಗೆ ಸಾಲಲಿಲ್ಲ. ಕೇಬಲ್ ಬದಲಾಯಿಸಿದೆವು, ಸೆಲ್ಫ್ ಮುಟ್ಟಲೇ ಇಲ್ಲ.

ಇದನ್ನು ಮೀಟರ್‌ನಿಂದ ಹಿಡಿಯಬಹುದು. ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಸೆಲ್ಫ್ ಬಾಡಿಯ ಮೇಲೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿ ಇಲ್ಲ. ಹಾಗೆಯೇ ಪಾಸಿಟಿವ್ ಕಂಬದಿಂದ ಸೊಲೆನಾಯ್ಡ್‌ನ ದಪ್ಪ ಬೋಲ್ಟಿಗೆ ಅಳೆಯಿರಿ, ಒಂದು ವೋಲ್ಟ್ ದಾಟಬಾರದು.

ಕೇಬಲ್ ಎಲ್ಲ ಸರಿ ಇದ್ದರೆ ಸೊಲೆನಾಯ್ಡ್. ಅದಕ್ಕೆ ಎರಡು ದಪ್ಪ ಬೋಲ್ಟ್ ಇರುತ್ತವೆ. ಒಂದು ಬ್ಯಾಟರಿಯಿಂದ ಬರುತ್ತದೆ, ಇನ್ನೊಂದು ಮೋಟಾರಿಗೆ ಹೋಗುತ್ತದೆ. ಕೀ ತಿರುಗಿಸಿದಾಗ ಟಕ್ ಅಂದು, ಮೊದಲನೆಯದರಲ್ಲಿ ಪೂರ್ತಿ ವೋಲ್ಟ್ ಇದ್ದು ಎರಡನೆಯದರಲ್ಲಿ ಬರದಿದ್ದರೆ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿದೆ. ಎರಡರಲ್ಲೂ ಬಂದು ಮೋಟಾರ್ ತಿರುಗದಿದ್ದರೆ ಬ್ರಷ್ ಸವೆದಿದೆ ಅಥವಾ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಹೋಗಿದೆ. ಟಕ್ ಸದ್ದೇ ಇಲ್ಲವಾದರೆ ಕೀ ಸ್ವಿಚ್, ಫ್ಯೂಸ್, ರಿಲೇ ನೋಡಿ.

ಸ್ಕ್ರೂಡ್ರೈವರ್ ಇಟ್ಟು ಸೊಲೆನಾಯ್ಡ್ ಶಾರ್ಟ್ ಮಾಡಿ ಸ್ಟಾರ್ಟ್ ಮಾಡೋದು ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತು. ದಯವಿಟ್ಟು ಮಾಡಬೇಡಿ. ಗೇರಿನಲ್ಲಿದ್ದ ಗಾಡಿ ಎದ್ದು ನಿಮ್ಮ ಮೇಲೇ ಬರುತ್ತದೆ. ಆಯಿಲ್ ಬಿಸಿ ಮಾಡೋಕೆ ಅಂತ ಸಂಪಿನ (ಇಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗೆ ಬೆಂಕಿ ಹಾಕೋದೂ ಬೇಡ. ಅಲ್ಲಿ ಡೀಸೆಲ್ ಪೈಪು, ವೈರು, ಏರ್ ಪೈಪು ಎಲ್ಲ ಇವೆ, ಅಲ್ವಾ?

ಸೆಲ್ಫೇ ಹೋಗಿದೆ ಅಂತ ಖಾತ್ರಿಯಾದರೆ ಬಿಚ್ಚಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಟ್ಟೆ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಚಾಸಿಗೆ ಹೋಗುವ ನೆಗೆಟಿವ್ ಕೇಬಲ್ ಮೊದಲು ತೆಗೆಯಬೇಕು. ಪಾಸಿಟಿವ್ ಮೊದಲು ಬಿಚ್ಚುವಾಗ ಪಾನಾ ಚಾಸಿಗೆ ತಾಗಿದರೆ ಕೆಂಪಗೆ ಕಾಯುತ್ತದೆ. ವೈರುಗಳ ಫೋಟೋ ತೆಗೆದಿಡಿ. ಸೊಲೆನಾಯ್ಡ್‌ನ ದಪ್ಪ ನಟ್ಟು ಬಿಚ್ಚುವಾಗ ಒಳಗಿನ ನಟ್ಟನ್ನು ಇನ್ನೊಂದು ಪಾನಾದಲ್ಲಿ ಹಿಡಿಯಿರಿ, ಇಲ್ಲದಿದ್ದರೆ ಬೋಲ್ಟೇ ತಿರುಗಿ ಕಿತ್ತು ಬರುತ್ತದೆ. ಆಮೇಲೆ ಸೆಲ್ಫನ್ನು ಬೆಲ್ ಹೌಸಿಂಗ್‌ಗೆ (ಫ್ಲೈವ್ಹೀಲ್ ಮುಚ್ಚುವ ಕವಚ) ಹಿಡಿದಿರುವ ಬೋಲ್ಟ್‌ಗಳು. ಕೊನೆಯದನ್ನು ಪೂರ್ತಿ ಬಿಚ್ಚುವಾಗ ಕೆಳಗಿನಿಂದ ಒಬ್ಬರು ಆಧಾರ ಕೊಡಲಿ. ಕೆಲವು ಸೆಲ್ಫ್ ಹತ್ತು ಕೆಜಿ ದಾಟುತ್ತವೆ, ಚಳಿಗೆ ಮರಗಟ್ಟಿದ ಕೈಯಲ್ಲಿ ನಿಲ್ಲುವುದಿಲ್ಲ.

ಹೊರಗೆ ಬಂದ ಮೇಲೆ ತೂತಿನೊಳಗೆ ಟಾರ್ಚ್ ಬಿಟ್ಟು ರಿಂಗ್ ಗೇರ್ ಹಲ್ಲು ನೋಡಿ. ಇಂಜಿನ್ ಕೈಯಿಂದ ತಿರುಗಿಸುತ್ತಾ ಪೂರ್ತಿ ಒಂದು ಸುತ್ತು ನೋಡಬೇಕು. ಇಂಜಿನ್ ನಿಲ್ಲುವಾಗ ಹೆಚ್ಚುಕಮ್ಮಿ ಅದೇ ಜಾಗಗಳಲ್ಲಿ ನಿಲ್ಲುತ್ತದೆ. ಆರು ಸಿಲಿಂಡರ್ ಆದರೆ ಮೂರು ಕಡೆ, ನಾಲ್ಕು ಸಿಲಿಂಡರ್ ಆದರೆ ಎರಡು ಕಡೆ. ಹಲ್ಲು ಸವೆಯುವುದು ಅಲ್ಲೇ. ಸವೆದ ಹಲ್ಲಿಗೆ ಹೊಸ ಸೆಲ್ಫ್ ಹಾಕಿದರೆ ಅದರ ಸಣ್ಣ ಗೇರ್, ಅಂದರೆ ಪಿನಿಯನ್ನೂ ಹೋಗುತ್ತದೆ.

ಹಳೆಯದನ್ನೂ ಒಮ್ಮೆ ಬಿಚ್ಚಿ ನೋಡಿ. ಬ್ರಷ್ ಹೊಸದರ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಬದಲಾಯಿಸಿ. ಶಾಫ್ಟ್ ತಿರುಗಲು ಆಧಾರವಾಗಿರುವ ಬುಷ್ ಸವೆದಿದ್ದರೆ ಆರ್ಮೇಚರ್ ಕೆಳಗೆ ಕುಸಿದು ಒಳಗೆ ಉಜ್ಜಿದ ಗುರುತು ಇರುತ್ತದೆ. ಬೆಂಡಿಕ್ಸ್ ಓಡಾಡುವ ಶಾಫ್ಟ್ ಮೇಲೆ ಹಳೆ ಗ್ರೀಸ್, ಕ್ಲಚ್ ಧೂಳು ಸೇರಿ ಚಳಿಗೆ ಅಂಟಿನ ಹಾಗೆ ಗಟ್ಟಿಯಾಗುತ್ತದೆ. ಅದನ್ನು ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಹೊಸ ಗ್ರೀಸ್ ಸವರಿ. ಬೆಂಡಿಕ್ಸನ್ನು ಪೆಟ್ರೋಲಿನಲ್ಲಿ ಅದ್ದಬೇಡಿ, ಒಳಗಿನ ಗ್ರೀಸ್ ತೊಳೆದುಹೋಗಿ ಜಾರಲು ಶುರುವಾಗುತ್ತದೆ. ಬರೀ ಬ್ರಷ್, ಬುಷ್, ತಾಮ್ರದ ಬಿಲ್ಲೆ ಹೋಗಿದ್ದರೆ ರಿಪೇರಿಯೇ ಲಾಭ. ಆರ್ಮೇಚರ್ ಸುಟ್ಟ ವಾಸನೆ ಬಂದರೆ ಮಾತ್ರ ನಾನು ಹೊಸದು ತರಿಸುತ್ತೇನೆ.

ಹೊಸದನ್ನು ಹಳೆಯದರ ಪಕ್ಕ ಇಟ್ಟು ಹೋಲಿಸಿ. 24 ವೋಲ್ಟ್, ಅದೇ ಕಿಲೋವ್ಯಾಟ್, ಪಿನಿಯನ್ ಹಲ್ಲಿನ ಲೆಕ್ಕ, ತಿರುಗುವ ದಿಕ್ಕು, ಬೋಲ್ಟ್ ತೂತುಗಳು, ಎಲ್ಲ ಒಂದೇ ಇರಬೇಕು. ಕೂರಿಸುವ ಮುಖವನ್ನು ಎರಡೂ ಕಡೆ ಎಮರಿ ಪೇಪರಿನಲ್ಲಿ ಉಜ್ಜಿ ಹೊಳೆಯುವಂತೆ ಮಾಡಿ. ಬಹಳಷ್ಟು ಸೆಲ್ಫ್‌ಗಳಿಗೆ ಅರ್ತ್ ಸಿಗುವುದೇ ಆ ಮುಖದಿಂದ, ನಡುವೆ ಪೇಂಟ್ ಇರಬಾರದು. ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ಹತ್ತಿಸಿ, ಆಮೇಲೆ ಒಂದಾದ ಮೇಲೊಂದು ಬಿಗಿ ಮಾಡಿ. ವೈರು ಹಾಕಿದ ಮೇಲೆ ನೆಗೆಟಿವ್ ಕೊನೆಗೆ.

ಈಗ ಕೀ ತಿರುಗಿಸಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ಹತ್ತದಿದ್ದರೆ ಎರಡು ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ. ಹೊಡೆಯುವಾಗಿನ ವೋಲ್ಟನ್ನು ಅಳೆದು ಬರೆದಿಟ್ಟುಕೊಳ್ಳಿ, ಮುಂದಿನ ಚಳಿಗೆ ಅದೇ ಅಳತೆಗೋಲು. ಮೊದಲ ಲೋಡ್ ಇಳಿಸಿದ ಮೇಲೆ ಬೋಲ್ಟ್‌ಗಳಿಗೆಲ್ಲ ಮತ್ತೊಮ್ಮೆ ಪಾನಾ ಹಾಕಿ ಬಿಗಿ ನೋಡಿ.